ಹಳೇ ಬ್ಯಾಂಕ್ ಕಟ್ಟಡ: ಫರ್ಸಿ ಮಾಳಗಿ (ಕಲ್ಲುಚಪ್ಪಡಿ ಛಾವಣಿ), ಸ್ಟ್ರಾಂಗ್ ರೂಂ ಇಟ್ಟುಕೊಂಡೇ ಓದುವ ಕೋಣೆ ಮಾಡಬಹುದಾ?

ಚಿತ್ತಾಪುರ_ಚೌಕ

ನಮಸ್ಕಾರ್ರಿ ಎಲ್ಲರಿಗೂ. ಚಿತ್ತಾಪುರ–ಸೇಡಂ ಕಡೆ ಒಂದು ಊರಿನ ಬಜಾರದಾಗ ಹಳೇ ಬ್ಯಾಂಕ್ ಕಟ್ಟಡ ಖಾಲಿ ಅದ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಬಾಡಿಗಿಗೆ ಇದ್ದ ಜಾಗ. ವಿಲೀನ ಆದ ಮ್ಯಾಲ ಶಾಖೆ ಬ್ಯಾರೆ ಕಡೆ ಹೋಯ್ತು, ಕಟ್ಟಡ ಮಾಲೀಕರ ಕೈಗೆ ಬಂತು. ಪರೀಕ್ಷೆಗೆ ಓದೋ ಹುಡುಗರಿಗೆ ಅಲ್ಲೊಂದು ಓದುವ ಕೋಣೆ ಮಾಡಬೇಕಂತ ಅವರ ವಿಚಾರ.

ಮುಂದಿನ ಹಾಲು 13 ಅಡಿ ಅಗಲ, 46 ಅಡಿ ಉದ್ದ. ಎರಡೂವರೆ ಅಡಿಗೊಂದು ಕಬ್ಬಿಣದ ಗರ್ಡರ್, ಅದರ ಮ್ಯಾಲ ಶಹಾಬಾದಿ ಫರ್ಸಿ, ಫರ್ಸಿ ಮ್ಯಾಲ ಸುಣ್ಣದ ಗಚ್ಚು (ಸುಣ್ಣ, ಇಟ್ಟಂಗಿ ಚೂರು ಕೂಡಿಸಿ ಬಡಿದ ಪದರ). ಗ್ವಾಡಿ ಎರಡು ಅಡಿ ದಪ್ಪ ಕಲ್ಲಿಂದು, ಒಳಗ ಯಾರೋ ಆಮ್ಯಾಲ ಸಿಮೆಂಟ್ ಗಿಲಾವು ಮಾಡ್ಯಾರ. ನೆಲದಿಂದ ನಾಲ್ಕು ಅಡಿ ತನಕ ಜೌಗು, ಬಿಳಿ ಉಪ್ಪು ಉದುರತದ. ಮಾಳಗಿ ಎರಡು ಕಡೆ ಸೋರತದ. ಹಿಂದ ಸ್ಟ್ರಾಂಗ್ ರೂಂ, ಭಾರಿ ಬಾಗಿಲು ಇನ್ನೂ ಅಲ್ಲೇ ಅದ. ಮುಂಬಾಗಿಲ ಮ್ಯಾಲಿನ ಕಲ್ಲಿನಾಗ ಉರ್ದು ಅಂಕಿಯಲ್ಲಿ 1342 ಅಂತ ಕೆತ್ಯಾರ.

ಗುತ್ತಿಗೆದಾರರು ಹೇಳೋದು: ಮಾಳಗಿ ಮ್ಯಾಲ ತಂತಿ ಜಾಳಗಿ ಹಾಸಿ ಎರಡು ಇಂಚು ಸಿಮೆಂಟ್ ಕೋಬಾ (ಕಾಂಕ್ರೀಟ್ ಪದರ), ಕೆಳಗ ಫಾಲ್ಸ್ ಸೀಲಿಂಗ್, ಸ್ಟ್ರಾಂಗ್ ರೂಂ ಒಡೆದು ಹಾಲು ದೊಡ್ಡದು ಮಾಡೋದು. ಇದು ಸರಿ ಏನ್ರಿ? ಮತ್ತ ಇದನ್ನ ಬ್ಯಾಂಕಿನವರೇ ಕಟ್ಟಿದ್ದಂತ ಮಾಲೀಕರು ಹೇಳತಾರ, ಅದನ್ನ ಹ್ಯಾಂಗ ಖಾತ್ರಿ ಮಾಡಿಕೊಳ್ಳೋದು?

ಫಸಲಿ_ಲೆಕ್ಕ

ಮೊದಲು ಕಟ್ಟಡದ ವಯಸ್ಸು. ಆ ಕಲ್ಲಿನ ಅಂಕಿಯನ್ನು ನೀವು ಸರಿಯಾಗಿ ಓದಿದ್ದರೆ ಇದನ್ನು ಕಟ್ಟಿಸಿದ್ದು ಬ್ಯಾಂಕ್ ಅಲ್ಲ.

ನಿಜಾಮರ ಸರ್ಕಾರಿ ವ್ಯವಹಾರವೆಲ್ಲ ಫಸಲಿ ವರ್ಷದಲ್ಲಿ ನಡೆಯುತ್ತಿತ್ತು. ವರ್ಷ ಶುರುವಾಗುವುದು ಅಕ್ಟೋಬರ್ ಮೊದಲ ವಾರದಲ್ಲಿ, ಆಜರ್ ತಿಂಗಳಿಂದ. ಫಸಲಿಗೆ 590 ಕೂಡಿಸಿದರೆ ಆ ಅಕ್ಟೋಬರಿನ ಇಸವಿ ಸಿಗುತ್ತದೆ. 1342 ಫಸಲಿ ಅಂದರೆ 1932–33. ಅದೇ ಅಂಕಿ ಹಿಜರಿಯಾಗಿದ್ದರೆ 1923–24. ಯಾವುದೆಂದು ತಿಳಿಯಲು ಅಂಕಿಯ ಪಕ್ಕದ ಸಣ್ಣ ಅಕ್ಷರ ನೋಡಿ: ‘ಫೆ’ ಇದ್ದರೆ ಫಸಲಿ, ಎರಡು ಕಣ್ಣಿನ ‘ಹೇ’ ಇದ್ದರೆ ಹಿಜರಿ. ಸುಣ್ಣ ಬಳಿದು ಬಳಿದು ಆ ಅಕ್ಷರ ಮುಚ್ಚಿಹೋಗಿರುತ್ತದೆ. ತಂತಿ ಬ್ರಷ್ ಹಾಕಬೇಡಿ. ನೀರಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಅಂಟಿಸಿ, ಬಿದಿರು ಕಡ್ಡಿಯಿಂದ ಪದರ ಎತ್ತಿ. ಆಮೇಲೆ ಸಂಜೆ ಟಾರ್ಚನ್ನು ಕಲ್ಲಿಗೆ ಪಕ್ಕದಿಂದ ಹಿಡಿದು ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಇನ್ನು ಬ್ಯಾಂಕಿನ ಕಡೆಯ ತಾರೀಖುಗಳು. ಹೈದರಾಬಾದ್ ಸ್ಟೇಟ್ ಬ್ಯಾಂಕಿನ ಕಾಯ್ದೆಯೇ 1350 ಫಸಲಿಯದು, ಅಂದರೆ 1941. ವ್ಯವಹಾರ ಶುರುವಾದದ್ದು 1942ರ ಏಪ್ರಿಲ್ 5ಕ್ಕೆ, ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ. 1956ರಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ ‘ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್’ ಎಂಬ ಹೆಸರು ಬಂತು, 1959ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ಕ್ಕೆ ಅದರಲ್ಲೇ ಲೀನವಾಯಿತು. ಹಾಗಾಗಿ 1342 ಎಂದು ಕೆತ್ತಿದ ಕಟ್ಟಡ, ಫಸಲಿ ಇರಲಿ ಹಿಜರಿ ಇರಲಿ, ಬ್ಯಾಂಕಿಗಿಂತ ಹಳೆಯದು. ಉದ್ದಕ್ಕೆ 46 ಅಡಿ, ಅಗಲಕ್ಕೆ 13 ಅಡಿ ಎಂಬ ಅಳತೆಯೂ ಬಜಾರದ ಅಂಗಡಿ ಅಥವಾ ದಲಾಲಿ ಮಳಿಗೆಯದು. ಬ್ಯಾಂಕಿಗೆಂದೇ ಕಟ್ಟುವವರು ಹಾಗೆ ಕಟ್ಟುವುದಿಲ್ಲ.

ಸ್ಟ್ರಾಂಗ್ ರೂಂ ಆಮೇಲೆ ಕೂಡಿಸಿದ್ದೋ ಅನ್ನುವುದಕ್ಕೆ ಗುರುತು ಸುಲಭ. ಹಳೇ ಗೋಡೆ ಮತ್ತು ಅದರ ಗೋಡೆ ಸೇರುವ ಮೂಲೆಯಲ್ಲಿ ಕಲ್ಲುಗಳು ಒಂದರೊಳಗೊಂದು ಹೊಕ್ಕಿಲ್ಲದೆ ಮೇಲಿಂದ ಕೆಳಗೆ ನೇರ ಸಂದು ಇದ್ದರೆ, ಅದು ನಂತರದ ಕೆಲಸ. ಒಳಗೆ ಕಾಂಕ್ರೀಟ್ ಸಿಕ್ಕರೆ ಅಚ್ಚರಿ ಬೇಡ, ಶಹಾಬಾದಿನಲ್ಲಿ 1920ರ ದಶಕದಿಂದಲೇ ಸಿಮೆಂಟ್ ಕಾರ್ಖಾನೆ ಇತ್ತು.

ಗರ್ಡರಿನ ನಡುಪಟ್ಟಿಯ ಮೇಲೆ ಉಬ್ಬಕ್ಷರ ಹುಡುಕಿ. ‘ಡಾರ್ಮನ್ ಲಾಂಗ್’ ಇದ್ದರೆ ಇಂಗ್ಲೆಂಡಿನ ಮಿಡಲ್ಸ್‌ಬರೋದಿಂದ ಬಂದ ಮಾಲು, ‘ಟಾಟಾ’ ಇದ್ದರೆ ಜಮಶೇಡಪುರದ್ದು, ಅಂದರೆ 1912ರ ಈಚಿನದು. ವಾಡಿ ಮೇಲಿನ ರೈಲು 1870ರ ದಶಕದಲ್ಲೇ ಬಂದಿತ್ತಾದ್ದರಿಂದ ನಿಮ್ಮ ಭಾಗದಲ್ಲಿ ಎರಡೂ ಸಿಗುತ್ತವೆ.

ಹಳೇ ಬಾಡಿಗೆ ಪತ್ರ ಸಿಕ್ಕರೆ ರೂಪಾಯಿ ಮುಂದೆ ‘ಹಾಲಿ’ (ನಿಜಾಮರ ನಾಣ್ಯ) ಅಂತ ಇದೆಯೋ ‘ಕಲ್ದಾರ್’ (ಬ್ರಿಟಿಷ್ ಇಂಡಿಯಾದ ನಾಣ್ಯ) ಅಂತ ಇದೆಯೋ ನೋಡಿ. 7 ಹಾಲಿಗೆ 6 ಕಲ್ದಾರ್. ನೂರು ಕಲ್ದಾರಿಗೆ 116 ಹಾಲಿ ರೂಪಾಯಿ 10 ಆಣೆ 8 ಪೈ. ಇದನ್ನು ಗಮನಿಸದೆ ಹಳೇ ಬಾಡಿಗೆ ಲೆಕ್ಕ ಬರೆದರೆ ಎಲ್ಲಾ ತಪ್ಪುತ್ತದೆ. 1948ಕ್ಕಿಂತ ಹಿಂದಿನ ಸರ್ಕಾರಿ ಕಾಗದಗಳು ಬೇಕಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಬಹುಪಾಲು ಉರ್ದು, ಕೈಬರಹ ಶಿಕಸ್ತ ಎಂಬ ಅವಸರದ ಕೂಡುಬರಹ. ಮುದ್ರಿತ ಉರ್ದು ಓದುವವರೆಲ್ಲ ಅದನ್ನು ಓದಲಾರರು.

ಗಚ್ಚುಗಾರೆ

ಗುತ್ತಿಗೆದಾರರ ಮಾತು ಮೂರಕ್ಕ ಮೂರೂ ಬ್ಯಾಡ್ರಿ. ಮೊದಲ ಮಾಳಗಿ, ಆಮ್ಯಾಲ ಗ್ವಾಡಿ, ಕಡೀಕ ಕುರ್ಚಿ ಟೇಬಲ್. ಇದನ್ನ ಉಲ್ಟಾ ಮಾಡಿದ್ರ ರೊಕ್ಕ ಎರಡು ಸಲ ಖರ್ಚಾಗ್ತದ.

ಕೋಬಾ ಯಾಕ ಬ್ಯಾಡ ಅಂದ್ರ, ಒಂದು ತೂಕ. ಈಗ ಇರೋ ಎರಡು ಇಂಚು ಫರ್ಸಿನೇ ಚದರ ಮೀಟರಿಗೆ 130 ಕಿಲೋ, ಅದರ ಮ್ಯಾಲ ನಾಲ್ಕು ಇಂಚು ಗಚ್ಚು ಅಂದ್ರ ಇನ್ನ 180–190. ನಿಮ್ಮ ಹಾಲು ಹತ್ತತ್ರ 600 ಚದರ ಅಡಿ. ಎರಡು ಇಂಚು ಕೋಬಾ ಹಾಕಿದ್ರ ಆ ಹಳೇ ಗರ್ಡರ್ ಮ್ಯಾಲ ಹೊಸದಾಗಿ ಆರು ಟನ್ ಏರಿಸಿದಂಗ. ಇನ್ನೊಂದು ಬಿಸಲು. ನಮ್ಮ ಕಡೆ ಮೇ ತಿಂಗಳ 43 ಡಿಗ್ರಿಯೊಳಗ ಮಾಳಗಿ ಹಿಗ್ಗತದ, ರಾತ್ರಿ ಕುಗ್ಗತದ. ಸುಣ್ಣ ಅದಕ್ಕ ಹೊಂದಿಕೊಳ್ತದ, ಸಿಮೆಂಟ್ ಕೂದಲೆಳಿಯಷ್ಟು ಸೀಳತದ. ಆ ಸೀಳಿನಾಗ ನೀರು ಇಳೀತದ, ಆದ್ರ ಮ್ಯಾಲ ಸಿಮೆಂಟ್ ಮುಚ್ಚಿದ್ದಕ್ಕ ಆರಂಗಿಲ್ಲ. ಗಚ್ಚು ವರ್ಷಪೂರ್ತಿ ಹಸೀನೇ ಇರ್ತದ, ಗರ್ಡರ್ ಜಂಗು (ತುಕ್ಕು) ಹಿಡೀತದ. ಜಂಗು ಅಂದ್ರ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಉಬ್ಬೋ ಮಾಲು. ಅದು ಫರ್ಸಿನ ಎತ್ತಿ ಅಂಚು ಒಡೀತದ. ಒಂದು ದಿನ ಪದರ ಕಳಚಿ ಕೆಳಗ ಬೀಳತದ. ಫಾಲ್ಸ್ ಸೀಲಿಂಗ್ ಇದ್ರ ಇದ್ಯಾವುದೂ ಕಣ್ಣಿಗೆ ಬೀಳಂಗಿಲ್ಲ, ಅದೇ ದೊಡ್ಡ ಅಪಾಯ.

ಮೊದಲ ಗರ್ಡರ್ ಪರೀಕ್ಷೆ ಮಾಡಿಸ್ರಿ. ಈ ತುದಿಯಿಂದ ಆ ತುದಿಗೆ ಕೆಳಪಟ್ಟಿಗೆ ಹತ್ತಿಸಿ ದಾರ ಬಿಗೀರಿ. ನಡುವ ಜೋತಿದ್ದು 13 ಅಡಿಗೆ ಅರ್ಧ ಇಂಚಿಗಿಂತ ಹೆಚ್ಚಾದ್ರ ಎಂಜಿನಿಯರ್ ನೋಡದೆ ಮುಂದ ಹೋಗಬ್ಯಾಡ್ರಿ. ಪಟ್ಟಿ ದಪ್ಪ ಕ್ಯಾಲಿಪರ್‌ನಿಂದ ಅಳೀರಿ: ಹಾಲಿನ ನಡುವ ಒಂದು ಕಡೆ, ಗ್ವಾಡಿಗೆ ಸೇರೋ ಎರಡೂ ತುದಿಗೆ. ಸಾಮಾನ್ಯ ನಡುವ ಗಟ್ಟಿ ಇರ್ತದ, ಗ್ವಾಡಿಯೊಳಗ ಹೂತ ತುದಿ ಸತ್ತಿರ್ತದ, ಯಾಕಂದ್ರ ಗ್ವಾಡಿ ಹಸಿ ಇರೋದು ಅಲ್ಲೇ. ತುದಿಯಲ್ಲಿ ಗಿಲಾವು ಅರ್ಧ ಅಡಿ ಬಿಡಿಸಿ ನೋಡಲೇಬೇಕು. ಗಟ್ಟಿ ಇದ್ದದ್ದಕ್ಕ ಜಂಗು ಕೆರೆದು, ಅದೇ ದಿನ ಪ್ರೈಮರ್, ಮ್ಯಾಲ ಎರಡು ಕೋಟು ಎನಾಮಲ್. ಮರುದಿನಕ್ಕ ಬಿಟ್ರ ಮತ್ತ ಜಂಗು ಏಳತದ.

ಮಾಳಗಿ ಮ್ಯಾಲ: ಸೋರೋ ಜಾಗದಾಗ ಒಂದು ಅಡಿ ಚೌಕ ಗಚ್ಚು ತೆಗೆದು ನೋಡ್ರಿ. ಕೈಯಾಗ ಹಿಟ್ಟಿನಂಗ ಉದುರಿದ್ರ ಆ ಭಾಗ ಪೂರ್ತಿ ತೆಗೀಬೇಕು. ಥಾಪಿ ಬಡಿದಾಗ ಖಣಖಣ ಅಂದ್ರ ಅದನ್ನ ಮುಟ್ಟಬ್ಯಾಡ್ರಿ, ಸಂದು ತುಂಬಿದ್ರ ಸಾಕು. ತೆಗೆಯೋದು ಒಮ್ಮೆಲೆ ಅಲ್ಲ, ಆರಾರು ಅಡಿ ಪಟ್ಟಿ. ತೆಗೆದ ಮಾಲು ಹಾಲಿನ ನಡುವ ಗುಡ್ಡಿ ಹಾಕಬ್ಯಾಡ್ರಿ, ಕೂಡಲೇ ಕೆಳಗ ಇಳಸ್ರಿ. ಪ್ಯಾರಾಪೆಟ್‌ದಾಗ ಅರಳಿ ಗಿಡ ಇದ್ರ ಎಳೀಬ್ಯಾಡ್ರಿ, ಕಲ್ಲೇ ಬರತಾವ. ಬುಡಕ್ಕ ಕತ್ತರಿಸಿ, ಔಷಧ ಹಚ್ಚಿ, ಬೇರು ಒಣಗಿದ ಮ್ಯಾಲ ತೆಗೀರಿ.

ಒಡೆದ ಫರ್ಸಿ ಬದಲಿಸೋವಾಗ ಎರಡೂ ಕಡೆ ಗರ್ಡರ್‌ಗೆ ಕೆಳಗಿಂದ ಜ್ಯಾಕ್ ಕೊಡ್ರಿ. ಹೊಸ ಫರ್ಸಿ ಎರಡು ಇಂಚು, ಬಡಿದ್ರ ಗಂಟಿ ಸಪ್ಪಳ ಬರಬೇಕು; ಬೊದ್ದು ಸಪ್ಪಳ ಅಂದ್ರ ಒಳಪದರ ಬಿಟ್ಟದ. ಗರ್ಡರ್ ಪಟ್ಟಿ ಮ್ಯಾಲ ಒಂದು ಇಂಚಿಗಿಂತ ಕಡಿಮಿ ಕೂತ ಫರ್ಸಿನ ನಂಬಬ್ಯಾಡ್ರಿ.

ಗಚ್ಚಿನ ಅಳತೆ: ಒಂದು ಪಾಲು ಸುಣ್ಣ, ಎರಡು ಪಾಲು ಸುರ್ಕಿ (ಇಟ್ಟಂಗಿ ಪುಡಿ) ಅರೆದ ಗಾರೆ, ಇಪ್ಪತ್ತು–ಇಪ್ಪತ್ತೈದು ಮಿಲಿಮೀಟರ್ ಇಟ್ಟಂಗಿ ಖಡಿ. ಖಡಿಯ ಅರ್ಧದಷ್ಟು ಗಾರೆ. ಖಡಿ ಹಿಂದಿನ ರಾತ್ರಿಯಿಂದ ನೆನದಿರಬೇಕು, ಇಲ್ಲಂದ್ರ ಅದು ಗಾರೆ ನೀರು ಕುಡೀತದ, ಗಚ್ಚು ಪುಡಿಯಾಗೇ ಉಳೀತದ. ಐದು ಇಂಚು ಹಾಸಿ ಬಡಿದ್ರ ನಾಲ್ಕಕ್ಕ ಇಳೀತದ. ಇಳಿಜಾರು 50–60 ಅಡಿಗೆ ಒಂದು ಅಡಿ. ಕಟಗಿ ಕೋಲಿನಿಂದ ಏಳು ದಿನ ಬಡೀಬೇಕು; ಬಡಿದ ಗುರುತು ಮೂಡದಂಗ ಆದಾಗ ಆಯ್ತು ಅಂತ ಲೆಕ್ಕ. ಬಡಿಯೋವಾಗ ಚಿಮುಕಿಸಲಿಕ್ಕ ಬೆಲ್ಲದ ನೀರು, ನೂರು ಲೀಟರಿಗೆ ಮೂರು ಕಿಲೋ ಬೆಲ್ಲ, ಒಂದೂವರೆ ಕಿಲೋ ಬಿಲ್ವದ ಹಣ್ಣು ಕುದಿಸಿದ ರಸ. ಆಮ್ಯಾಲ ಹತ್ತು ದಿನ ಹಸಿ ಗೋಣಿತಟ್ಟು. ದೀಪಾವಳಿಯಿಂದ ಸಂಕ್ರಾಂತಿ ತನಕ ಇದಕ್ಕ ತಕ್ಕ ಕಾಲ. ಮೇದಾಗ ಹಾಕಿದ್ರ ಸುಣ್ಣ ಕಚ್ಚೋದ್ರೊಳಗ ನೀರು ಹಾರಿ ಹೋಗ್ತದ. ನೀರು ಹೋಗಲಿಕ್ಕ ನಾಲ್ಕು ಇಂಚಿನ ಪೈಪ್ ಎರಡು ಇಡ್ರಿ. ಒಂದೇ ಇಟ್ರ ಅದಕ್ಕ ಎಲಿ ಕಟ್ಟಿದ ದಿನ ಮಾಳಗಿ ಕೆರಿ ಆಗ್ತದ.

ಗ್ವಾಡಿ: ಜೌಗು ಕೆಳಗಿಂದ ಬರತಿದ್ರ ಮೊದಲ ಅದರ ಮೂಲ ಹುಡುಕ್ರಿ. ಬ್ಯಾಂಕ್ ಕಟ್ಟಡದಾಗ ಹಿಂದಿನ ಪಾಯಖಾನಿ, ತೊಟ್ಟಿ, ಇಲ್ಲಾ ರಸ್ತಿ ಎತ್ತರಾಗಿ ಚರಂಡಿ ನೀರು ಪಾಯಕ್ಕ ನಿಲ್ಲೋದು, ಈ ಮೂರರಾಗ ಒಂದು ಇರ್ತದ. ಅದನ್ನ ನಿಲ್ಲಿಸಿ, ಫೆಬ್ರವರಿಯೊಳಗ ಸಿಮೆಂಟ್ ಗಿಲಾವು ಜೌಗಿನ ಗೆರಿಗಿಂತ ಒಂದು ಅಡಿ ಮ್ಯಾಲಿನ ತನಕ ಪೂರಾ ತೆಗೀರಿ, ಸಂದು ಒಂದು ಇಂಚು ಕೆರೀರಿ, ಬ್ಯಾಸಗಿ ಪೂರ್ತಿ ಬರಿ ಬಿಡ್ರಿ. ಉಪ್ಪು ಎದ್ದದ್ದನ್ನ ಒಣ ಬ್ರಷ್ ಹೊಡೆದು ಹೊರಗ ಒಯ್ದು ಚೆಲ್ರಿ. ನೀರು ಹಾಕಿ ತೊಳದ್ರ ಅದು ವಾಪಸ್ ಕಲ್ಲಿಗೇ ಹೋಗ್ತದ. ಮಳಿಗಾಲದಾಗ ಹವಾ ಹಸಿ ಇರತದ, ಆಗ ಒಂದಕ್ಕ ಮೂರು ಸುಣ್ಣ–ಉಸುಕಿನ ಗಿಲಾವು ಎರಡು ಕೋಟು ಮಾಡ್ರಿ. ಮ್ಯಾಲ ಬರೇ ಸುಣ್ಣ. ಪುಟ್ಟಿ, ಪಿಒಪಿ, ಪ್ಲಾಸ್ಟಿಕ್ ಬಣ್ಣ ಯಾವುದೂ ಬ್ಯಾಡ.

ಚಿತ್ತಾಪುರ_ಚೌಕ

ಭಾಳ ಉಪಕಾರ ಆಯ್ತ್ರಿ. ಸುಣ್ಣ ಈಗ ಚಲೋದು ಸಿಗಂಗಿಲ್ಲ, ಗಚ್ಚಿಗೆ ಸ್ವಲ್ಪ ಸಿಮೆಂಟ್ ಕೂಡಿಸಿದ್ರ ಏನೂ ಆಗಂಗಿಲ್ಲ ಅಂತಾರ ಗೌಂಡಿಗಳು. ಖರೇ ಏನು?

ಗಚ್ಚುಗಾರೆ

ಅರ್ಧಂಬರ್ಧ ಮಿಶ್ರಣ ಎರಡೂ ಕಡೆ ಕೆಡಸ್ತದ, ಸುಣ್ಣದ ಮೆತ್ತಗಿನ ಗುಣಾನೂ ಇಲ್ಲ, ಸಿಮೆಂಟಿನ ಬಲಾನೂ ಇಲ್ಲ. ಅಂಗಡಿಯ ಚೀಲದ ಬಿಳಿ ಪುಡಿ ತಗೋಬ್ಯಾಡ್ರಿ, ಅದರಾಗ ಖಡುವಿನ ಪುಡಿ ಇರ್ತದ. ಸುಡದ ಕಲ್ಲಿನ ಪುಡಿ ಗಟ್ಟಿಯಾಗಂಗಿಲ್ಲ. ಭಟ್ಟಿಯ ಸುಣ್ಣದ ಹಳ್ಳು ಒಂದು ತಂದು ಡ್ರಮ್ಮಿನ ನೀರಿಗೆ ಹಾಕ್ರಿ. ಹತ್ತು ನಿಮಿಷದಾಗ ಕುದ್ದು ಅರಳಿದ್ರ ಚಲೋದು, ಸುಮ್ಮನ ಕೂತ್ರ ಹಳಸಿದ್ದು. ಅರಳಿದ್ದನ್ನ ಜರಡಿ ಹಿಡಿದು ನೀರಿನ ಕೆಳಗ ಕಮ್ಮಿ ಅಂದ್ರ ಹದಿನೈದು ದಿನ ಇಡ್ರಿ. ಅರಳದ ಕಾಳು ಉಳಿದ್ರ ಗಿಲಾವು ಮಾಡಿದ ಮ್ಯಾಲ ಒಳಗೇ ಅರಳಿ ಗುಳ್ಳಿ ಎಬ್ಬಸ್ತದ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಕೆಲಸ, ಕುದಿಯೋ ಸುಣ್ಣ ಸಿಡೀತದ.

ಖಜಾನೆ_ಕೀಲಿ

ಸ್ಟ್ರಾಂಗ್ ರೂಂ ಬಗ್ಗೆ. ಒಡೆಯುವ ಮಾತು ಬಿಡಿ. ಬ್ಯಾಂಕುಗಳ ಈ ಕೋಣೆಗೆ ಗೋಡೆ, ನೆಲ, ಛಾವಣಿ ಮೂರೂ ಒಂದೇ ಪೆಟ್ಟಿಗೆಯಂತೆ ಒಂದು ಅಡಿ ಆಸುಪಾಸಿನ ಕಾಂಕ್ರೀಟ್, ಅದರಲ್ಲಿ ಎರಡು ಪದರ ಸರಳಿನ ಜಾಲ ಇರುವುದು ವಾಡಿಕೆ. ಅದನ್ನು ಒಡೆಯುವ ಬ್ರೇಕರಿನ ನಡುಕಕ್ಕೆ ಮೊದಲು ಬಿಡುವುದು ಪಕ್ಕದ ಸುಣ್ಣದ ಗೋಡೆ, ಆಮೇಲೆ ನಿಮ್ಮ ಹೊಸ ಗಚ್ಚು. ಸಿಗುವುದು ಹತ್ತಡಿ ಜಾಗ.

ಆದರೆ ಜನ ಕೂಡಿಸಲು ಆ ಕೋಣೆ ಬೇಡವೇ ಬೇಡ. ಒಂದೇ ಬಾಗಿಲು, ಗಾಳಿಯಿಲ್ಲ. ಬಾಗಿಲು ತಪ್ಪಿ ಮುಚ್ಚಿಕೊಂಡರೆ ಒಳಗಿನವರ ಕೂಗೂ ಹೊರಗೆ ಕೇಳುವುದಿಲ್ಲ. ಆದ್ದರಿಂದ ಮೊದಲ ದಿನದ ಕೆಲಸವೆಂದರೆ ಬೀಗ ನಿಷ್ಕ್ರಿಯ ಮಾಡುವುದು. ಬಾಗಿಲಿನ ಒಳಮುಖದ ತಗಡು ಸ್ಕ್ರೂ ಬಿಚ್ಚಿದರೆ ಬರುತ್ತದೆ. ಬೋಲ್ಟುಗಳನ್ನು ಪೂರ್ತಿ ಒಳಗೆಳೆದು, ಅವು ಮುಂದೆ ಸರಿಯದಂತೆ ಒಂದು ಉಕ್ಕಿನ ಪಟ್ಟಿಯನ್ನು ನಟ್ಟು ಹಾಕಿ ಕೂಡಿಸಿ. ವೆಲ್ಡ್ ಬೇಡ, ಮುಂದೆ ಬಿಚ್ಚಬೇಕಾದೀತು. ಬಾಗಿಲು ಪೂರ್ತಿ ಮುಚ್ಚದಂತೆ ಚೌಕಟ್ಟಿಗೆ ನಾಲ್ಕು ಇಂಚಿನ ತಡೆ ಕೊಡಿ, ಬೆರಳು ಸಿಕ್ಕಿದರೆ ಉಳಿಯುವುದಿಲ್ಲ. ಬೀಗಕ್ಕೆ ಎರಡು ಕೀಲಿ ಇರುತ್ತವೆ, ಇಬ್ಬರು ಅಧಿಕಾರಿಗಳ ಬಳಿ ಒಂದೊಂದು. ಒಂದೇ ನಿಮ್ಮ ಕೈಗೆ ಬಂದಿದ್ದರೆ ‘ಮುಚ್ಚಿ ನೋಡೋಣ’ ಅನ್ನಬೇಡಿ. ಅಂಥ ಬಾಗಿಲನ್ನು ಕೊರೆದು ತೆಗೆಯುವವರನ್ನು ದೂರದಿಂದ ಕರೆಸಬೇಕಾಗುತ್ತದೆ.

ಪುಸ್ತಕ ಇಡಲು ಬಳಸಬಹುದು. ಕಾಟ ಕೊಡುವುದು ಜೂನ್ ತಿಂಗಳು: ಹೊರಗಿನ ಬಿಸಿ, ತೇವದ ಗಾಳಿ ತಂಪಾದ ಕಾಂಕ್ರೀಟಿಗೆ ತಾಗಿ ಗೋಡೆ ಬೆವರುತ್ತದೆ. ಮಳೆಯ ದಿನ ಬಾಗಿಲು ಸರಿಸಿಟ್ಟು, ಒಣ ದಿನ ತೆರೆದು ವೆಂಟಿಲೇಟರಿಗೆ ಸಣ್ಣ ಎಕ್ಸಾಸ್ಟ್ ಫ್ಯಾನ್ ಓಡಿಸಿ. ಜನ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ರ‍್ಯಾಕುಗಳು ಗೋಡೆಯಿಂದ ಮೂರು ಇಂಚು, ನೆಲದಿಂದ ಆರು ಇಂಚು ದೂರ.

ಹಾಲಿಗೆ ಬಂದರೆ, ಫ್ಯಾನಿಗಾಗಿ ಫರ್ಸಿಗೆ ಡ್ರಿಲ್ ಹಾಕಬೇಡಿ. ಹ್ಯಾಮರ್ ಡ್ರಿಲ್ಲಿಗೆ ಅದು ಪದರ ಪದರವಾಗಿ ಬಿಡುತ್ತದೆ. ಗರ್ಡರಿಗೂ ತೂತು ಬೇಡ. ಕೆಳಪಟ್ಟಿಯನ್ನು ಎರಡೂ ಬದಿಯಿಂದ ಕಚ್ಚುವ ಕ್ಲ್ಯಾಂಪ್ ಮಾಡಿಸಿ ಫ್ಯಾನ್ ತೂಗುಹಾಕಿ. ವೈರಿಂಗ್ ಗೋಡೆ ಕೊರೆಯದೆ ಹೊರಗಿನ ಪೈಪಿನಲ್ಲಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ. ಬ್ಯಾಂಕಿನವರು ಕಿಟಕಿಗೆಲ್ಲ ಭಾರಿ ಜಾಲರಿ ಹಾಕಿ ಬಾಗಿಲು ಒಂದೇ ಇಟ್ಟಿರುತ್ತಾರೆ. ಓದುವ ಕೋಣೆಗೆ ಹಿಂಬದಿ ಒಂದು ಮೀಟರ್ ಅಗಲದ, ಹೊರಕ್ಕೆ ತೆರೆಯುವ ಎರಡನೇ ಬಾಗಿಲು ಇರಲೇಬೇಕು. ಇರುವ ಕಿಟಕಿಯನ್ನೇ ಕೆಳಗೆ ಇಳಿಸಿದರೆ ಮೇಲಿನ ತೊಲೆಗಲ್ಲು ಮುಟ್ಟುವ ಗೊಡವೆ ಇಲ್ಲ. ಮುಂದಿನ ಕೊಲ್ಯಾಪ್ಸಿಬಲ್ ಗೇಟು ಓದುವ ಹೊತ್ತಿನಲ್ಲಿ ತೆರೆದೇ ಇರಬೇಕು.

ತೇಗದ ಕೌಂಟರ್ ಉಳಿದಿದ್ದರೆ ಅದನ್ನೇ ಓದುವ ಮೇಜು ಮಾಡಿ. ಆ ದಪ್ಪದ ಹಲಗೆ ಈಗ ಕೊಳ್ಳಲು ಹೋದರೆ ಕಣ್ಣು ತಿರುಗುತ್ತದೆ.

ಬೀದರ_ಚೌಬಾರಾ

ನಡುವೆ ಒಂದು ಪ್ರಶ್ನೆ. ನಮ್ಮ ಕಡೆ ಹಳೇ ಊರೊಳಗ ಗ್ವಾಡಿ ಕೆಂಪು ಜಂಬಿಟ್ಟಿಗೆಯವು. ಅಲ್ಲೂ ಸಿಮೆಂಟ್ ಪೂರಾ ತೆಗೀಬೇಕಾ?

ಗಚ್ಚುಗಾರೆ

ಜಂಬಿಟ್ಟಿಗೆ ತೂತು ಕಲ್ಲು, ಸಿಮೆಂಟ್ ಅದರ ತೂತಿನಾಗ ಕಚ್ಚಿಕೊಂಡಿರ್ತದ. ಜೋರು ಮಾಡಿದ್ರ ಕಲ್ಲಿನ ಮುಖಾನೇ ಕಿತ್ತು ಬರತದ. ಬಡಿದಾಗ ಪೊಳ್ಳು ಸಪ್ಪಳ ಬಂದ ಜಾಗ ಅಷ್ಟೇ ತೆಗೀರಿ, ಸಣ್ಣ ಉಳಿ, ಓರೆ ಪೆಟ್ಟು. ತೆಗೆದ ಮ್ಯಾಲ ‘ಕಲ್ಲು ಚಂದ ಕಾಣ್ತದ’ ಅಂತ ಬರಿ ಬಿಡಬ್ಯಾಡ್ರಿ, ಮೊದಲಿನಿಂದ ಗಿಲಾವು ಇದ್ದ ಗ್ವಾಡಿಗೆ ಸುಣ್ಣದ ಗಿಲಾವು ವಾಪಸ್ ಬೇಕು.

ಪಹಣಿ_ಪತ್ರ

ಬೀದರಿನವರಿಗೆ ಇನ್ನೊಂದು ಮಾತು. ಕೋಟೆ, ಮಹಮೂದ್ ಗವಾನ್ ಮದರಸಾದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳೆಯುವುದು ಗುಮ್ಮಟದ ಗೋಡೆಯಿಂದ ಅಲ್ಲ, ಸಂರಕ್ಷಿತ ಗಡಿಯಿಂದ. ನಿಷೇಧಿತ ಪ್ರದೇಶದಲ್ಲಿ ಹಳೇ ಕಟ್ಟಡದ ದುರಸ್ತಿಗೂ ಮೊದಲೇ ಅನುಮತಿ ಬೇಕು. ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಕಲಬುರಗಿ ಕೋಟೆ ಸುತ್ತಲಿನವರಿಗೂ ಇದೇ ಲೆಕ್ಕ.

ಮೂಲ ಪ್ರಶ್ನೆಗೆ: ಗಾರೆ ಕಲೆಸುವ ಮುಂಚೆ ಕಾಗದ ನೋಡಿ. ಪುರಸಭೆಯ ಇ-ಆಸ್ತಿ ದಾಖಲೆ ಯಾರ ಹೆಸರಲ್ಲಿದೆ, ಅಳತೆ ಕಟ್ಟಡಕ್ಕೆ ತಾಳೆಯಾಗುತ್ತದೆಯೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ. ಅದರಲ್ಲಿ ಹಳೇ ವರ್ಷಗಳು ಬಾರದಿದ್ದರೆ ಉಪನೋಂದಣಿ ಕಚೇರಿಯಲ್ಲಿ ಕೈಯಾರೆ ಹುಡುಕಿಸಬೇಕು. ಮೂರು ತಲೆಮಾರಿನ ಬಜಾರದ ಆಸ್ತಿಯಲ್ಲಿ ಪಾಲು ಪತ್ರ ನೋಂದಣಿ ಆಗದೇ ಇರುವುದೇ ಹೆಚ್ಚು. ಬಾಡಿಗೆ ಒಬ್ಬರ ಖಾತೆಗೆ ಹೋಗುತ್ತಿತ್ತು ಅಂದ ಮಾತ್ರಕ್ಕೆ ಕಟ್ಟಡ ಅವರೊಬ್ಬರದಲ್ಲ. ಇನಾಂ ಅಥವಾ ವಕ್ಫ್ ಜಮೀನೋ ಎಂಬುದನ್ನೂ ಈಗಲೇ ನೋಡಿಬಿಡಿ.

ಬ್ಯಾಂಕ್ ಖಾಲಿ ಮಾಡಿದಾಗಿನ ಸ್ವಾಧೀನ ಪತ್ರ ಹುಡುಕಿ. ಸ್ಟ್ರಾಂಗ್ ರೂಂ ಬಾಗಿಲು, ಜಾಲರಿ, ಕೌಂಟರ್ ಸಾಮಾನ್ಯವಾಗಿ ಬಾಡಿಗೆದಾರರು ಹಾಕಿಸಿದ್ದು, ಕರಾರಿನಲ್ಲಿ ಅವು ಬ್ಯಾಂಕಿನ ಸ್ವತ್ತು ಎಂದೇ ಇರಬಹುದು. ಬಿಟ್ಟು ಹೋದದ್ದು ಬೇರೆ, ಕೊಟ್ಟು ಹೋದದ್ದು ಬೇರೆ. ಈ ವಸ್ತುಗಳನ್ನು ಹೆಸರಿಸಿ ‘ಇವುಗಳ ಮೇಲೆ ನಮ್ಮ ಹಕ್ಕಿಲ್ಲ’ ಎಂದು ಒಂದು ಪತ್ರ ತರಿಸಿಕೊಳ್ಳಿ. ಲಾಕರ್ ಕಪಾಟು ಉಳಿದಿದ್ದು ಅದರಲ್ಲಿ ಒಂದೇ ಒಂದು ಖಾನೆ ಬೀಗ ಹಾಕಿದ ಸ್ಥಿತಿಯಲ್ಲಿದ್ದರೂ ಕೈ ಹಚ್ಚಬೇಡಿ, ಬ್ಯಾಂಕಿಗೆ ಲಿಖಿತ ತಿಳಿಸಿ, ಅವರೇ ಸಾಕ್ಷಿಗಳ ಎದುರು ತೆರೆದು ತೆಗೆದುಕೊಂಡು ಹೋಗಲಿ. ‘ಹಕ್ಕಿಲ್ಲ’ ಎಂಬ ಆ ಪತ್ರ ಬರುವ ತನಕ ‘ಖಜಾನೆ_ಕೀಲಿ’ಯವರು ಹೇಳಿದ ಉಕ್ಕಿನ ಪಟ್ಟಿ ಸಾಕು, ಬಾಗಿಲಿನ ಬೇರೆ ಭಾಗ ಬಿಚ್ಚಬೇಡಿ.